ಅನುಮೋದಕರು: ಮದೀಹಾ

ಹುಣಸೆಕೊಪ್ಪ, ನ್ಯಾಮತಿ ತಾಲ್ಲೂಕು
ಮಂಗಳವಾರ, 9 ಜುಲೈ 2024

ಪ್ರೀತಿಯ ಅಬ್ಬಾ,

ಅಸ್ಸಲಾಮು ಅಲೈಕುಮ್. ನಿಮ್ಮ ಕಣ್ಣು ಹೇಗಿದೆ? ಹೋದ ಶುಕ್ರವಾರ ವಿಡಿಯೋ ಕಾಲಿನಲ್ಲಿ ಮಾತಾಡುತ್ತಾ ನೀವು ಮೂರು ಸಲ ಕಣ್ಣೊರೆಸಿಕೊಂಡಿರಿ. ಮನೆ ನೆನಪಾಗಿ ಅಳುತ್ತಿದ್ದೀರಿ ಎಂದುಕೊಂಡು ಅಮ್ಮಿಯೂ ಅತ್ತಳು. ಅದು ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಹೊಲಿದು ಬಂದ ನೀರು ಎಂದು ನನಗೆ ಗೊತ್ತು. ಬುರ್ಖಾ ಹೊಲಿಯುವ ಕೆಲಸವನ್ನಾದರೂ ಹಗಲಿಗೇ ಇಟ್ಟುಕೊಳ್ಳಿ. ನೀವು ಇಲ್ಲಿದ್ದಾಗ ಶಿವಮೊಗ್ಗದ ಡಾಕ್ಟರು ಬರೆದುಕೊಟ್ಟಿದ್ದ ಡ್ರಾಪ್ಸ್ ಎರಡು ಬಾಟಲಿ ಕಳಿಸಿದ್ದೇನೆ. ಮುಚ್ಚಳ ತೆಗೆದ ಮೇಲೆ ಒಂದು ತಿಂಗಳು ಮಾತ್ರ, ಆಮೇಲೆ ಎಸೆಯಬೇಕು. ನೀವು ಯಾವುದನ್ನೂ ಎಸೆಯುವವರಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಇಲ್ಲಿ ನಿಮ್ಮ ಅಮ್ಮನಿಗೆ, ನಮ್ಮ ದಾದಿಗೆ, ಮಂಡಿನೋವು ಬಿಟ್ಟರೆ ಬೇರೇನಿಲ್ಲ. ಮಳೆ ಹದವಾಗಿದೆ, ಸವಳಂಗದ ದಾರಿಯ ಎರಡೂ ಕಡೆ ಮೆಕ್ಕೆಜೋಳ ಮೊಣಕಾಲೆತ್ತರ ನಿಂತಿದೆ. ನಾನು ಈಗಲೂ ಬೆಳಿಗ್ಗೆ ಎಂಟೂವರೆ ಬಸ್ಸಿಗೆ ಸವಳಂಗದ ಜೆರಾಕ್ಸ್ ಅಂಗಡಿಗೆ ಹೋಗಿ ಸಂಜೆ ಬರುತ್ತೇನೆ.

ದಿನಾ ಫೋನಿನಲ್ಲಿ ಮುಖ ನೋಡುತ್ತಲೇ ಇರುವಾಗ ಕಾಗದ ಯಾಕೆ ಎಂದು ನಿಮಗೆ ಅನ್ನಿಸಬಹುದು. ನೀವು ಫೋನ್ ಮಾಡುವ ಹೊತ್ತಿಗೆ ಮನೆಯಲ್ಲಿ ಎಲ್ಲರೂ ಇರುತ್ತಾರೆ. ಅಮ್ಮಿ ಫೋನ್ ಹಿಡಿದಿರುತ್ತಾಳೆ, ದಾದಿ ಪರದೆಯೊಳಗೇ ತಲೆ ಹಾಕಿರುತ್ತಾರೆ, ಮಾಮೂ ಪಕ್ಕದಲ್ಲಿ ಕೂತು ಲೈಟು ಸರಿ ಮಾಡುತ್ತಿರುತ್ತಾರೆ. ಈ ಸುದ್ದಿಯನ್ನು ಅಲ್ಲಿ ಹೇಳಲಾಗುವುದಿಲ್ಲ. ಬಸವಾಪಟ್ಟಣದ ಇಸ್ರಾರ್ ಭಾಯಿ ರಜೆ ಮುಗಿಸಿ ಗುರುವಾರ ಹೊರಡುತ್ತಾರೆ, ವಿಮಾನ ಇಳಿದು ಶನಿವಾರ ಬೆಳಿಗ್ಗೆ ನಿಮ್ಮ ಕೆಲಸದವರ ಕ್ಯಾಂಪಿಗೇ ಬಂದು ಸೇರುತ್ತಾರೆ. ಇದನ್ನು ನಿಮ್ಮ ಕೈಗೇ ಕೊಡಬೇಕೆಂದು ಹೇಳಿದ್ದೇನೆ. ಮನೆಯಲ್ಲಿ ಆಡುವುದು ನಮ್ಮ ಮಾತಾದರೂ ನಿಮಗೂ ನನಗೂ ಸರಾಗವಾಗಿ ಬರೆಯಲು, ಓದಲು ಬರುವುದು ಕನ್ನಡವೇ, ಸವಳಂಗದ ಸರ್ಕಾರಿ ಶಾಲೆಯ ಪುಣ್ಯ. ಓದಿದ ಮೇಲೆ ಹರಿದು ಹಾಕಬೇಡಿ. ಇಟ್ಟುಕೊಳ್ಳಿ.

ಹೋದ ವರ್ಷ ಇದೇ ಜುಲೈನಲ್ಲಿ ನಾನು ಪಂಚಾಯ್ತಿ ಉಪಚುನಾವಣೆ ಗೆದ್ದೆ. ಮಹಿಳಾ ಮೀಸಲು ಸೀಟಿಗೆ ನಮ್ಮ ಮನೆಯಿಂದ ನನ್ನನ್ನು ನಿಲ್ಲಿಸಿದ್ದು ಮಾಮೂ. ಮನೆಮನೆಗೆ ತಿರುಗಿ, ಎರಡೂ ಕೇರಿಯವರ ಕಾಲು ಹಿಡಿದು, ನಲವತ್ತೊಂದು ವೋಟಿನಲ್ಲಿ ಗೆಲ್ಲಿಸಿದವರೂ ಅವರೇ. ನೀವು ದಮಾಮಿನಲ್ಲಿ ಕ್ಯಾಂಪಿನವರಿಗೆಲ್ಲ ಚಾ ಕುಡಿಸಿದ್ದನ್ನು, ನನ್ನ ಫೋಟೋ ತೋರಿಸಿ ‘ಮೇರಿ ಬೇಟಿ ಮೆಂಬರ್’ ಎಂದದ್ದನ್ನು ಇಸ್ರಾರ್ ಭಾಯಿ ಹೇಳಿದಾಗ ನನಗೆ ಎಷ್ಟು ಖುಷಿಯಾಯಿತು ಗೊತ್ತೇ? ಆ ಖುಷಿಗೆ ಕಲ್ಲು ಹಾಕಬಾರದೆಂದು ಒಂದು ವರ್ಷ ನಿಮಗೆ ಬರೀ ಬೀದಿದೀಪ, ಚರಂಡಿ, ನೀರಿನ ಟ್ಯಾಂಕಿನ ಸುದ್ದಿ ಹೇಳಿದೆ. ಒಳಗೆ ಏನು ನಡೆಯುತ್ತದೆ ಎಂದು ಹೇಳಲಿಲ್ಲ. ಈಗ ಹೇಳುತ್ತೇನೆ.

ಹದಿನೇಳು ಜನ ಸದಸ್ಯರಲ್ಲಿ ಒಂಬತ್ತು ಮಂದಿ ಹೆಂಗಸರು. ಲೆಕ್ಕಕ್ಕೆ ನಾವೇ ಹೆಚ್ಚು. ಮೊದಲ ಸಭೆಯ ದಿನ ಇಸ್ತ್ರಿ ಮಾಡಿದ ಚೂಡಿದಾರ ಹಾಕಿ, ತಲೆ ತುಂಬ ದುಪಟ್ಟ ಹೊದ್ದು, ಹೊಸ ನೋಟುಪುಸ್ತಕ ಹಿಡಿದು ಹೋದೆ. ಮಾಮೂ ಬೈಕಿನಲ್ಲಿ ಕರೆದುಕೊಂಡು ಹೋದರು. ಸಭೆಯ ಕೋಣೆಯಲ್ಲಿ ಉದ್ದನೆಯ ಟೇಬಲ್ಲು, ಸುತ್ತ ಹದಿನೇಳು ಕುರ್ಚಿ, ಹದಿನಾರರಲ್ಲಿ ಗಂಡಸರು. ನಾನು ತಪ್ಪು ಕೋಣೆಗೆ ಬಂದೆನೇನೋ ಎಂದು ಬಾಗಿಲ ಮೇಲಿನ ಬೋರ್ಡು ನೋಡಿದೆ. ಎಂಟು ಜನ ಆರಿಸಿ ಬಂದವರು, ಉಳಿದ ಎಂಟು ಜನ ಆರಿಸಿ ಬಂದವರ ಗಂಡಂದಿರು. ಅಧ್ಯಕ್ಷೆ ನಿರ್ಮಲಮ್ಮನವರ ಹೆಸರಿನ ಫಲಕ ಟೇಬಲ್ಲಿನ ಮೇಲಿತ್ತು, ಅದರ ಹಿಂದೆ ಅವರ ಯಜಮಾನರು ಗಿಡ್ಡಪ್ಪ ಕೂತಿದ್ದರು. ಎಲ್ಲರೂ ಅವರನ್ನೇ ಅಧ್ಯಕ್ಷರೇ ಎಂದು ಕರೆಯುತ್ತಿದ್ದರು. ಹೆಂಗಸರು ಎಲ್ಲಿ ಎಂದು ನೋಡಿದರೆ ಪಕ್ಕದ ಕಂಪ್ಯೂಟರ್ ರೂಮಿನಲ್ಲಿ, ಹಳೇ ರಿಜಿಸ್ಟರುಗಳ ಗಂಟಿನ ಪಕ್ಕ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ನಡಾವಳಿ ಪುಸ್ತಕ ಅಲ್ಲಿಗೇ ಬರುತ್ತದೆ. ಖಾಲಿ ಹಾಳೆಯ ಕೆಳಗೆ ತಮ್ಮ ತಮ್ಮ ನಂಬರಿನ ಮುಂದೆ ಸಹಿ ಹಾಕಿ, ಚಾ ಕುಡಿದು, ಬಸ್ಸಿನ ಹೊತ್ತಾಯಿತೆಂದು ಎದ್ದು ಹೋಗುತ್ತಾರೆ. ಸಭೆ ಆಮೇಲೆ ಶುರುವಾಗುತ್ತದೆ.

ಖಾಲಿ ಇದ್ದ ಹದಿನೇಳನೇ ಕುರ್ಚಿ ಮಾಮೂಗೆಂದು ಇಟ್ಟದ್ದು. ಮದುವೆಯಾಗದ ಹುಡುಗಿಗೆ ಗಂಡ ಇಲ್ಲವಲ್ಲ, ಅಪ್ಪ ಪರದೇಶದಲ್ಲಿ, ಅದಕ್ಕೆ ಮಾಮಾ. ನಾನು ಹೋಗಿ ಆ ಕುರ್ಚಿಯಲ್ಲಿ ಕೂತೆ. ಗಿಡ್ಡಪ್ಪನವರು ನಗುತ್ತಾ, ‘ಮೌಲಾಸಾಬ್ರು ಎಲ್ಲಿ ಕೂರ್ಬೇಕವ್ವಾ ಹಂಗಾದ್ರೆ?’ ಅಂದರು. ಮಾಮೂ, ‘ಇರಲಿ ಬಿಡ್ರಿ’ ಎನ್ನುತ್ತಾ ಪ್ಲಾಸ್ಟಿಕ್ ಸ್ಟೂಲು ಎಳೆದುಕೊಂಡು ನನ್ನ ಹಿಂದೆ ಕೂತರು. ಅವತ್ತಿನಿಂದ ಒಂದು ವರ್ಷ ಅವರು ನನ್ನ ಹಿಂದೆಯೇ ಕೂತಿದ್ದಾರೆ. ನಾನು ಕೇಳಿದ ಪ್ರಶ್ನೆಗೆ ಉಳಿದವರೆಲ್ಲ ಮಾಮೂ ಮುಖ ನೋಡಿಕೊಂಡು ಉತ್ತರ ಕೊಡುತ್ತಾರೆ. ಮನೆಗೆ ಹೋಗಿ ನನ್ನ ಬೆನ್ನನ್ನು ಕನ್ನಡಿಯಲ್ಲಿ ನೋಡಿಕೊಂಡಿದ್ದೇನೆ ಅಬ್ಬಾ, ಅದಕ್ಕೇನಾದರೂ ತೂತು ಬಿದ್ದಿದೆಯೇ ಎಂದು.

ಅಲ್ಲಿಯ ಹೊಲಸನ್ನು ಹೇಗೆ ಬರೆಯಲಿ? ನಾನು ಮಾತು ಶುರುಮಾಡಿದರೆ ಒಬ್ಬರು ಬೈಕಿನ ಕೀಯಿಂದ ಕಿವಿ ಕೆರೆದುಕೊಳ್ಳಲು ಹಿಡಿಯುತ್ತಾರೆ, ಇನ್ನೊಬ್ಬರು ಕೂತಲ್ಲಿಂದಲೇ ಕಿಟಕಿಗೆ ಗುಟ್ಕಾ ಉಗಿಯುತ್ತಾರೆ. ಕಿಟಕಿಯ ಸರಳು ಯಾವ ಬಣ್ಣದ್ದೆಂದು ಈಗ ಹೇಳಲಾಗುವುದಿಲ್ಲ. ನೀರಿನ ಟ್ಯಾಂಕಿನಲ್ಲಿ ಹುಳು ಬಂದ ವಿಷಯ ಓದುತ್ತಿದ್ದಾಗ ಸದಸ್ಯ ನಿಂಗರಾಜ್, ‘ಸ್ವಲ್ಪ ನಗ್ತಾ ಓದವ್ವಾ, ಚೆಂದ ಕಾಣ್ತೀಯ’ ಅಂದ. ಎಲ್ಲರೂ ನಕ್ಕರು. ವೋಟು ಕೇಳುವಾಗ ಅಮ್ಮಿಯ ಮುಂದೆ ಕೈಮುಗಿದು ‘ತಾಯೀ’ ಎಂದ ಬಾಯಿ ಅದೇ. ಸದಸ್ಯರ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಐದಕ್ಕೆ ಎಂಥೆಂಥ ವಿಡಿಯೋ ಬೀಳುತ್ತವೆ ಎಂದು ನಿಮಗೆ ಬರೆಯಲಾರೆ. ಬಿದ್ದ ಮೇಲೆ ‘ಮಕ್ಕಳು ಒತ್ತಿಬಿಟ್ರು’ ಎಂಬ ಮೆಸೇಜು, ಅದರ ಕೆಳಗೆ ಹತ್ತು ನಗುವ ಮುಖ. ಒಂಬತ್ತು ಜನ ಹೆಂಗಸರ ನಂಬರೂ ಆ ಗುಂಪಿನಲ್ಲಿದೆ. ಬಿಟ್ಟು ಹೊರಬಂದರೆ ಸಭೆಯ ತಾರೀಖು ಗೊತ್ತಾಗುವುದಿಲ್ಲ.

ಇನ್ನೊಂದನ್ನು ನಾನೇ ಒಪ್ಪಿಕೊಳ್ಳಬೇಕು. ಕುರ್ಚಿಯಲ್ಲಿ ಕೂತೆನೇ ಹೊರತು ಮೊದಲ ನಾಲ್ಕು ತಿಂಗಳು ನಾನೂ ಖಾಲಿ ಹಾಳೆಗೇ ಸಹಿ ಹಾಕಿದೆ. ಹನ್ನೊಂದನೇ ನಂಬರು ನನ್ನದು. ಎಲ್ಲರೂ ಹಾಕುತ್ತಾರೆ, ಪಿಡಿಒ ಸಾಹೇಬರು ಆಮೇಲೆ ಬರೆದುಕೊಳ್ಳುತ್ತಾರೆ ಎಂದು ಮಾಮೂ ಹೇಳಿದರು, ನಾನು ಕೇಳಿದೆ. ದಾವಣಗೆರೆಯಲ್ಲಿ ಹೊಸ ಸದಸ್ಯರಿಗೆ ಮೂರು ದಿನದ ತರಬೇತಿ ಇತ್ತಲ್ಲ, ಅಲ್ಲಿ ಜಗಳೂರು ಕಡೆಯ ಚೈತ್ರಾ ಎಂಬ ಹುಡುಗಿ ಪರಿಚಯವಾದಳು. ನನಗಿಂತ ಒಂದು ವರ್ಷ ಚಿಕ್ಕವಳು, ಅವರ ಪಂಚಾಯ್ತಿಯಲ್ಲಿ ಸದಸ್ಯೆ. ನಾನು ಇದನ್ನು ಹೇಳಿದ್ದಕ್ಕೆ ಅವಳು ಊಟದ ತಟ್ಟೆ ಕೆಳಗಿಟ್ಟು, ‘ಖಾಲಿ ಹಾಳೆಗೆ ಸಹಿ ಹಾಕಿದ್ಯಾ? ನಾಳೆ ಅದ್ರ ಮೇಲೆ ಏನು ಬರ್ದ್ರೂ ಅದು ನಿನ್ನ ಮಾತೇ’ ಎಂದು ಬೈದಳು. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಏನಿದ್ದರೂ ಬರೆದುಕೊಡು, ಕೊಟ್ಟದ್ದಕ್ಕೆ ಸ್ವೀಕೃತಿ ಇಸಿದುಕೋ ಎಂದು ಕಲಿಸಿದ್ದೂ ಅವಳೇ. ಅವತ್ತಿನಿಂದ ನಾನು ಬರೆದ ಹಾಳೆಗೆ ಮಾತ್ರ ಸಹಿ ಹಾಕುತ್ತೇನೆ. ಅದಕ್ಕೇ ನನಗೆ ‘ಕಲೆಕ್ಟರಮ್ಮ’ ಎಂದು ಹೆಸರಿಟ್ಟಿದ್ದಾರೆ.

ನಮ್ಮೂರ ಕಸದ ಗಾಡಿ ಓಡಿಸುವ ಅಂಜಮ್ಮನನ್ನು ನೀವು ನೋಡಿಲ್ಲ, ನೀವು ಹೋದ ಮೇಲೆ ಬಂದ ಗಾಡಿ ಅದು. ಹೆಂಗಸರೇ ಓಡಿಸಬೇಕೆಂದು ಸ್ತ್ರೀಶಕ್ತಿ ಸಂಘದಿಂದ ಅವಳನ್ನು ಆರಿಸಿ, ತರಬೇತಿ ಕೊಟ್ಟು, ಲೈಸೆನ್ಸ್ ಮಾಡಿಸಿದ್ದರು. ಮೂವತ್ತಾರು ವರ್ಷ, ಗಂಡ ನ್ಯಾಮತಿಯಲ್ಲಿ ಲಾರಿಗೆ ಮೂಟೆ ಹೊರುತ್ತಾನೆ. ಖಾಕಿ ಅಂಗಿಯನ್ನು ಸೀರೆಯ ಮೇಲೆ ಹಾಕಿಕೊಂಡು ಅವಳು ಗೇರು ಹಾಕುವುದನ್ನು ದಾದಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಗಾಡಿಯ ಕೀ ಪಂಚಾಯ್ತಿ ಆಫೀಸಿನಲ್ಲಿರುತ್ತದೆ. ಸ್ವಚ್ಛತೆಯ ಉಸ್ತುವಾರಿ ನಿಂಗರಾಜನದು. ಬೆಳಿಗ್ಗೆ ಆರಕ್ಕೆ ಅವಳು ಹೋಗುವ ಮೊದಲೇ ಅವನು ಬಂದು ಕೀ ತೆಗೆದು ತನ್ನ ಪ್ಯಾಂಟಿನ ಜೇಬಿನಲ್ಲಿ ಹಾಕಿಕೊಂಡು ಕೂರುತ್ತಿದ್ದ. ಕೇಳಿದರೆ, ‘ಇಲ್ಲೈತೆ, ನೀನೇ ತಗ’ ಎನ್ನುತ್ತಿದ್ದ. ಎಂಟು ತಿಂಗಳು, ಅಬ್ಬಾ. ನೀರು ಬಿಡುವವನೋ ಹಾಲಿನವನೋ ಯಾರಾದರೂ ಬರುವವರೆಗೆ ಅವಳು ಗಾಡಿಯ ಪಕ್ಕ ನಿಂತು ಕಾಯುತ್ತಿದ್ದಳು. ಯಾರಾದರೂ ಬಂದ ಕೂಡಲೇ ಕೀ ಟೇಬಲ್ಲಿಗೆ ಬರುತ್ತಿತ್ತು. ಹೊತ್ತಾಗಿ ಬಂದಳು ಎಂದು ಅವಳಿಗೇ ಎರಡು ನೋಟಿಸು.

ಏಪ್ರಿಲ್‌ನಲ್ಲಿ ಅವಳು ಅಂಗಡಿಗೆ ಬಂದು ಇದನ್ನು ಹೇಳಿದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ, ಜೆರಾಕ್ಸ್ ಮಷೀನಿನ ಹಸಿರು ದೀಪ ನೋಡುತ್ತಿದ್ದಳು. ‘ತಂಗೀ, ನಾನು ಹೇಳಿದ್ನ ನನ್ನ ಗಂಡ್ಗೆ ಮಾತ್ರ ಹೇಳ್ಬ್ಯಾಡ, ಕೆಲ್ಸ ಬಿಡು ಅಂತಾನೆ’ ಅಂದಳು. ನಾನೇ ದೂರು ಬರೆದೆ, ಅವಳು ಸಹಿ ಹಾಕಿದಳು, ಪಿಡಿಒಗೆ ಕೊಟ್ಟು ಸ್ವೀಕೃತಿ ಇಸಿದುಕೊಂಡೆ. ಆ ತಿಂಗಳ ಸಭೆಯಲ್ಲಿ ನಾನೇ ಎದ್ದು ನಿಂತು ಓದಿದೆ. ಓದುತ್ತಿದ್ದ ಹಾಗೇ ಕೋಣೆಯಲ್ಲಿ ನಗು ಅದುಮಿಟ್ಟ ಸದ್ದು. ಮುಗಿಸಿದ ಮೇಲೆ ನಿಂಗರಾಜ್ ಎದ್ದ. ನಿಧಾನವಾಗಿ ಜೇಬಿಗೆ ಕೈಹಾಕಿ ಗಾಡಿಯ ಕೀ ತೆಗೆದು ನನ್ನ ಮುಂದೆ ಟೇಬಲ್ಲಿನ ಮೇಲಿಟ್ಟು, ‘ನಿಮಗೂ ಬೇಕಿತ್ತೇನ್ರೀ?’ ಅಂದ. ಆಗ ಅದುಮಿಟ್ಟದ್ದೆಲ್ಲ ಒಡೆಯಿತು. ಟೇಬಲ್ಲು ತಟ್ಟಿ ನಕ್ಕರು. ಗಿಡ್ಡಪ್ಪನವರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು, ‘ಇಂಥಾದ್ನೆಲ್ಲ ನಡಾವಳ್ಯಾಗೆ ಬರ್ಯಾಕೆ ಆಗಲ್ಲ, ಮುಂದಿನ ಸಭೆಗೆ ನೋಡಾನ’ ಅಂದರು. ನಾನು ಹಿಂದಕ್ಕೆ ತಿರುಗಿದೆ. ಮಾಮೂ ತಲೆ ಬಗ್ಗಿಸಿಕೊಂಡಿದ್ದರು. ಭುಜ ಕುಲುಕುತ್ತಿತ್ತು. ಅವರೂ ನಗುತ್ತಿದ್ದರು.

ಆ ಕೀ ಬೆಚ್ಚಗಿತ್ತು ಅಬ್ಬಾ. ಅಂಜಮ್ಮನಿಗೆ ಕೊಡಲೆಂದು ಅದನ್ನು ಎತ್ತಿಕೊಂಡೆ, ಅವನ ಮೈಯ ಬಿಸಿ ಅದರಲ್ಲಿತ್ತು. ಹೊರಗೆ ನಲ್ಲಿಯಲ್ಲಿ ಕೈ ತೊಳೆದೆ, ಮನೆಗೆ ಬಂದು ಸೋಪು ಹಾಕಿ ತೊಳೆದೆ, ಆಮೇಲೆ ಆ ಕೈಯಲ್ಲಿ ರೊಟ್ಟಿ ಮುರಿಯಲಾಗದೆ ಊಟ ಬಿಟ್ಟು ಎದ್ದೆ. ಅಮ್ಮಿ ಜ್ವರವೆಂದುಕೊಂಡು ಹಣೆ ಮುಟ್ಟಿ ನೋಡಿದಳು. ಅವತ್ತು ಬಸ್ಸು ತಡವಾಗಿ ಪಕ್ಕದ ರೂಮಿನಲ್ಲೇ ಉಳಿದಿದ್ದ ಎಂಟು ಜನ ಹೆಂಗಸರಿಗೂ ಆ ನಗು ಕೇಳಿಸಿತ್ತು. ಯಾರೂ ಎದ್ದು ಬರಲಿಲ್ಲ. ಅವತ್ತು ಅವರ ಮೇಲೂ ಹೇಸಿಗೆಯಾಯಿತು, ಸುಳ್ಳು ಹೇಳುವುದಿಲ್ಲ.

ಮೇ ತಿಂಗಳ ಸಭೆ ಇಪ್ಪತ್ತೆರಡಕ್ಕಿತ್ತು. ಹಿಂದಿನ ದಿನ, ಪಿಡಿಒ ರಜೆ, ಸಭೆ ಮುಂದಕ್ಕೆ ಹೋಯಿತು ಎಂದು ನನಗೆ ಸುದ್ದಿ ಬಂತು. ಸರಿ ಎಂದು ದಾದಿಯನ್ನು ಮಂಡಿ ತೋರಿಸಲು ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ನಿಮಗೆ ಆಸ್ಪತ್ರೆಯ ಮುಂದೆ ಕಬ್ಬಿನಹಾಲು ಕುಡಿಯುತ್ತಿರುವ ದಾದಿಯ ಫೋಟೋ ಕಳಿಸಿದೆನಲ್ಲ, ಅದು ಅವತ್ತಿನದೇ. ಹತ್ತು ದಿನ ಬಿಟ್ಟು ಅಂಜಮ್ಮ ಅಂಗಡಿಗೆ ಬಂದಳು. ಖಾಕಿ ಅಂಗಿ ಇರಲಿಲ್ಲ. ಮಡಚಿದ ಕಾಗದ ಕೌಂಟರಿನ ಮೇಲಿಟ್ಟು, ‘ಓದ್ರೀ ಮೇಡಂ’ ಅಂದಳು. ಅಲ್ಲಿಯವರೆಗೆ ನಾನು ತಂಗಿ, ಅವತ್ತು ಮೇಡಂ. ನನಗೆ ಆ ಕಾಗದ ಬಾಯಿಪಾಠವಾಗಿದೆ: ‘ಸದರಿ ದೂರಿನ ಬಗ್ಗೆ ಕೂಲಂಕಷವಾಗಿ ಚರ್ಚಿಸಲಾಗಿ, ದೂರು ಆಧಾರರಹಿತವೆಂದು ಕಂಡುಬಂದಿದ್ದರಿಂದ, ಸದರಿಯವರನ್ನು ವಾಹನ ಚಾಲನೆಯಿಂದ ಕೈಬಿಡಲು ಸಭೆಯು ಒಮ್ಮತದಿಂದ ತೀರ್ಮಾನಿಸಿತು. ಸೂಚಕರು: ನಿಂಗರಾಜ್. ಅನುಮೋದಕರು: ಮದೀಹಾ.’ ಕೆಳಗೆ ಹನ್ನೊಂದನೇ ನಂಬರಿನ ಮುಂದೆ ನನ್ನ ಸಹಿ.

ನಾನು ಹಾಕಿದ್ದಲ್ಲ, ಅವತ್ತು ನಾನು ಊರಲ್ಲೇ ಇರಲಿಲ್ಲ ಎಂದೆ. ಅಂಜಮ್ಮ ಕೂಗಾಡಲಿಲ್ಲ. ‘ನಂಗೆ ಓದಾಕೆ ಬರ್ತೈತೆ. ನಿಮ್ಮ ಬಾಯಾಗೆ ಒಂದ್ಸಲ ಕೇಳಾನ ಅಂತ ಬಂದೆ’ ಎಂದಷ್ಟೇ ಹೇಳಿ ಹೋದಳು. ಅವಳು ನಂಬಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಈಗ ಗಾಡಿ ಓಡಿಸುವವನು ನಿಂಗರಾಜನ ಭಾವಮೈದುನ. ಹೆಂಗಸರೇ ಓಡಿಸಬೇಕಾದ ಗಾಡಿ ಎಂದು ಅದರ ಮೈಮೇಲೆ ದೊಡ್ಡದಾಗಿ ಬರೆದಿದೆ.

ಎರಡು ದಿನ ಅಂಗಡಿಗೆ ಹೋಗಲಿಲ್ಲ. ಮೂರನೇ ದಿನ ನಿರ್ಮಲಮ್ಮನವರ ಮನೆಗೆ ಹೋದೆ. ಗಿಡ್ಡಪ್ಪ ಶಿವಮೊಗ್ಗಕ್ಕೆ ಹೋಗಿದ್ದರು. ಆಯಮ್ಮ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಸಭೆಯಲ್ಲಿ ಇರಲಿಲ್ಲ ಎಂದು ಅಧ್ಯಕ್ಷರು ಬರೆದುಕೊಡಬೇಕು ಎಂದೆ. ಮೊರದಿಂದ ಒಂದು ಕಲ್ಲು ಆರಿಸಿ ಎಸೆದರು. ಆಮೇಲೆ, ‘ನೀನು ಇದ್ಯೋ ಇಲ್ಲೋ ನಂಗೇನು ಗೊತ್ತವ್ವಾ, ನಾನೇ ಹೋಗಿಲ್ಲ. ಹಿಂದಿನ ದಿನಾನೇ ಪುಸ್ತಕ ಮನೀಗೆ ತಂದು ಸಹಿ ಇಸ್ಕಂಡ್ರು’ ಅಂದರು. ಹಾಗಾದರೆ ಅದನ್ನೇ ಬರೆದುಕೊಡಿ ಎಂದೆ. ಸೀಲು ಇಲ್ಲದೆ ನಡೆಯುತ್ತದೆಯೇ ಎಂದು ಅವರೇ ಕೇಳಿದರು. ನನಗೂ ಗೊತ್ತಿರಲಿಲ್ಲ. ಒಳಗೆ ಹೋಗಿ ಮೊಮ್ಮಗಳ ಪೆನ್ನು ತಂದು, ನೆಲದ ಮೇಲೆ ಕಾಗದ ಇಟ್ಟು, ‘ಸೀಲು ಅವರ ಹತ್ರ ಐತೆ. ಕೈ ನಂದೇ ಐತಲ್ಲ’ ಎನ್ನುತ್ತಾ ತಾವೇ ಬರೆದುಕೊಟ್ಟರು. ನಾಲ್ಕೇ ಸಾಲು, ಅದರಲ್ಲಿ ಆರು ಕಾಗುಣಿತದ ತಪ್ಪು. ಸಹಿಯ ಕೆಳಗೆ ‘ಅಧ್ಯಕ್ಷರು’ ಎಂದು ಬರೆದು ಅದನ್ನೇ ಸ್ವಲ್ಪ ಹೊತ್ತು ನೋಡಿದರು. ಅವರ ಮೇಲೆ ನನಗಿದ್ದ ಹೇಸಿಗೆಯನ್ನು ನೆನೆದು ನಾಚಿಕೆಯಾಯಿತು.

ಆ ಕಾಗದ, ದೂರಿನ ಸ್ವೀಕೃತಿ, ದಾದಿಯ ಆಸ್ಪತ್ರೆ ಚೀಟಿ ಎಲ್ಲ ಜೋಡಿಸಿಕೊಂಡು ಅಂಜಮ್ಮನನ್ನು ಕರೆದುಕೊಂಡು ನ್ಯಾಮತಿಗೆ ಹೋಗಿ ಮೇಲಿನ ಅಧಿಕಾರಿಗಳಿಗೆ ದೂರು ಕೊಟ್ಟೆ. ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂರಲಿಲ್ಲ, ಹಿಂದಿನ ಸೀಟಿನಲ್ಲಿ ಕೂತಳು. ವಾಪಸು ಬರುವಾಗ ಪಕ್ಕದಲ್ಲಿ ಕೂತಳು. ವಿಚಾರಣೆ ಬರುವ ಸೋಮವಾರ, ಹದಿನೈದನೇ ತಾರೀಖು. ಹೊನ್ನಾಳಿಯಿಂದ ಅಧಿಕಾರಿ ಬರುತ್ತಾರೆ. ಸಹಿ ಹಾಕಿದವರೆಲ್ಲ ಒಬ್ಬೊಬ್ಬರಾಗಿ ಹೇಳಿಕೆ ಕೊಡಬೇಕು.

ನೋಟಿಸು ಬಂದ ದಿನದಿಂದ ಮನೆಗೆ ಜನವೋ ಜನ. ಗಿಡ್ಡಪ್ಪನವರು ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದರು. ಅಮ್ಮಿ ಮಾಡಿದ ಚಾ ಕುಡಿದು, ನಮ್ಮ ಮಗಳಿದ್ದ ಹಾಗೆ ಎಂದು ನನ್ನ ತಲೆಯ ಮೇಲೆ ಕೈಯಿಡಲು ಬಂದರು, ನಾನು ಹಿಂದೆ ಸರಿದೆ. ಹೊರಡುವಾಗ ಅಮ್ಮಿಗೆ, ‘ಬೇಗ ಒಂದು ಗಂಡು ನೋಡ್ರಿ. ಸಭೆಗೆ ಬರಾಕಾದ್ರೂ ಒಬ್ರು ಆಗ್ತಾರೆ’ ಎಂದರು. ಮಾರನೇ ದಿನ ನಮ್ಮ ಮಸೀದಿ ಕಮಿಟಿಯ ಹಿರಿಯರು ನಾಲ್ಕು ಜನ ಬಂದರು. ಗಿಡ್ಡಪ್ಪ ಹೇಳಿದ್ದನ್ನೇ ನಮ್ಮ ಮಾತಿನಲ್ಲಿ ಹೇಳಿದರು. ಮನೆಯ ಹೆಣ್ಣುಮಗಳು ಇಂಥ ಹೊಲಸು ವಿಷಯ ಬಾಯಲ್ಲಿ ಆಡಬಾರದಂತೆ. ಮಾಡಿದವನನ್ನು ಯಾರೂ ಹೊಲಸು ಎನ್ನಲಿಲ್ಲ. ಹೊಸ ಬೋರ್‌ವೆಲ್ ಯಾವ ಕೇರಿಗೆ ಎಂದು ಮೂರು ವರ್ಷದಿಂದ ಕಿತ್ತಾಡುತ್ತಿರುವ ಈ ಗಂಡಸರು ಇದೊಂದರಲ್ಲಿ ಎಷ್ಟು ಬೇಗ ಒಂದಾದರು ನೋಡಿ. ಚನ್ನಗಿರಿಯಿಂದ ನಿಮ್ಮ ದೊಡ್ಡ ಮಗಳು ಆಯಿಷಾ ಆಪಾ ಫೋನ್ ಮಾಡಿ, ಅತ್ತೆಮನೆಯಲ್ಲಿ ತಲೆಯೆತ್ತಿ ಓಡಾಡಲು ಆಗುತ್ತಿಲ್ಲ ಎಂದು ಅತ್ತಳು. ನಾನು ಮಾಡಿದ್ದೇನು ಎಂದು ಕೇಳಿದೆ. ಅವಳು ಫೋನ್ ಇಟ್ಟುಬಿಟ್ಟಳು.

ದಾದಿ ಮಾತ್ರ ಇದೆಲ್ಲ ಕೇಳಿಸಿಕೊಂಡು ಎಲೆಯಡಿಕೆ ಉಗಿದು ಬಂದು ನನ್ನ ಹತ್ತಿರ ಕೂತರು. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ: ಹೇಸಿಗೆ ಬಾಯಿಗೆ ಬಂದರೆ ಉಗಿಯಬೇಕು ಮಗಳೇ, ನುಂಗಿದರೆ ಹೊಟ್ಟೆ ಕೆಡುತ್ತದೆ. ಅಮ್ಮಿ ಅವರಿಗೆ ಸುಮ್ಮನಿರಿ ಎಂದಳು. ಅಮ್ಮಿಯನ್ನು ಬೈಯಬೇಡಿ ಅಬ್ಬಾ. ನೀವು ಹೋದ ಆರು ವರ್ಷದಲ್ಲಿ ಈ ಮನೆಗೆ ಸಿಲಿಂಡರಿನಿಂದ ಹಿಡಿದು ಅವಳ ಆಪರೇಷನ್ನಿನವರೆಗೆ ಎಲ್ಲಕ್ಕೂ ಓಡಾಡಿದವರು ಮಾಮೂ. ತಮ್ಮನಿಗೂ ಮಗಳಿಗೂ ಮಾತಿಲ್ಲದಿರುವುದನ್ನು ನೋಡಿ ಅವಳಿಗೆ ಏನು ಮಾಡಬೇಕೆಂದು ತೋಚುತ್ತಿಲ್ಲ. ಎಲ್ಲರಿಗೂ ಚಾ ಮಾಡುತ್ತಾಳೆ, ಲೋಟ ತೊಳೆಯುತ್ತಾಳೆ, ಮತ್ತೆ ಮಾಡುತ್ತಾಳೆ.

ರಾಜೀನಾಮೆ ಕೊಟ್ಟು ಬಿಡಬೇಕು ಎಂದು ನನಗೂ ಅನ್ನಿಸಿದ್ದುಂಟು. ಆ ಕೋಣೆಯ ವಾಸನೆ, ಆ ನಗು, ಆ ಬೆಚ್ಚಗಿನ ಕೀ ನೆನಪಾದರೆ ಈಗಲೂ ಎದ್ದು ಹೋಗಿ ಕೈ ತೊಳೆಯುತ್ತೇನೆ. ಚೈತ್ರಾಗೆ ಫೋನ್ ಮಾಡಿ ಹೇಳಿದೆ. ನೀನು ಬಿಟ್ಟರೆ ಆ ಕುರ್ಚಿಯೇನು ಖಾಲಿ ಇರುವುದಿಲ್ಲ ಎಂದಳು. ಅದು ನಿಜ. ಆದ್ದರಿಂದ ಬಿಡುವುದಿಲ್ಲ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅಲ್ಲಿ ಇರುತ್ತೇನೆ. ಮೊದಲ ನಾಲ್ಕು ತಿಂಗಳು ಖಾಲಿ ಹಾಳೆಗೆ ಸಹಿ ಹಾಕಿದ್ದನ್ನೂ ಹೇಳುತ್ತೇನೆ, ಅದಕ್ಕೆ ನನಗೇನು ಶಿಕ್ಷೆಯೋ ಕೊಡಲಿ.

ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ. ಡಬ್ಬಿಯಲ್ಲಿ ದಾದಿ ಹಾಕಿದ ಮಾವಿನಕಾಯಿ ಉಪ್ಪಿನಕಾಯಿ ಇದೆ, ಕ್ಯಾಂಪಿನವರಿಗೆ ಹಂಚಿ ಮುಗಿಸಿಬಿಡಬೇಡಿ. ಇಸ್ರಾರ್ ಭಾಯಿಗೂ, ನಿಮ್ಮ ಕೋಣೆಯ ಕೇರಳದ ಚಾಚಾಗೂ ನನ್ನ ಸಲಾಮು ಹೇಳಿ. ದಾದಿ ನಿಮಗೆ ದುವಾ ಹೇಳಿದ್ದಾರೆ, ಬೆಳಗಿನ ಫಜರ್ ನಮಾಜ್ ಆದ ಮೇಲೆ ನಿಮ್ಮ ಹೆಸರು ಹಿಡಿದು ಬೇಡಿಕೊಳ್ಳುತ್ತಾರೆ, ನಾನು ಪಕ್ಕದಲ್ಲೇ ಕೂತು ಆಮೀನ್ ಅನ್ನುತ್ತೇನೆ. ಅಲ್ಲಾಹ್ ನಿಮ್ಮ ಕಣ್ಣು ತಂಪಾಗಿಡಲಿ.

ನಿಮ್ಮ ಮಗಳು,
ಮದೀಹಾ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮೇಲಿನದೆಲ್ಲ ಅರ್ಧ ಸುಳ್ಳಾಗುತ್ತದೆ. ಸಭೆ ಮುಂದಕ್ಕೆ ಹೋಯಿತೆಂದು ನನಗೆ ಹೇಳಿದವರು ಮಾಮೂ. ಹನ್ನೊಂದನೇ ನಂಬರಿನ ಸಹಿ ಹಾಕಿದವರೂ ಅವರೇ. ನಿನ್ನೆ ಸಂಜೆ ನೇರವಾಗಿ ಕೇಳಿದೆ. ಮುಚ್ಚಿಡಲಿಲ್ಲ. ‘ಹೌದು, ನಾನೇ ಹಾಕಿದ್ದು. ಊರಾಗೆ ನಾವು ಬಾಳಬೇಕಲ್ಲ. ನಿಮ್ಮ ಅಬ್ಬಾನ್ನ ಫೋನ್ ಮಾಡಿ ಕೇಳೇ ಹಾಕಿದ್ದು’ ಅಂದರು. ಸೋಮವಾರ ಅಧಿಕಾರಿ ಯಾರು ಹಾಕಿದ್ದೆಂದು ಕೇಳಿದರೆ ಅವರ ಹೆಸರು ಹೇಳುತ್ತೇನೆ. ಅಮ್ಮಿಗೆ ಇನ್ನೂ ಗೊತ್ತಿಲ್ಲ, ಭಾನುವಾರ ನಾನೇ ಹೇಳುತ್ತೇನೆ. ಅವರು ನಿಮ್ಮ ಬಗ್ಗೆ ಹೇಳಿದ್ದು ಸುಳ್ಳಾಗಿದ್ದರೆ ಭಾನುವಾರ ಸಂಜೆ ಅಸರ್ ನಮಾಜ್ ಆದ ಮೇಲೆ ನನ್ನ ನಂಬರಿಗೆ ಫೋನ್ ಮಾಡಿ, ಇಲ್ಲ ಎಂಬ ಒಂದೇ ಮಾತು ಸಾಕು. ನಿಜವಾಗಿದ್ದರೆ ಮಾಡಬೇಡಿ. ಫೋನ್ ಬಂದರೂ ಬರದಿದ್ದರೂ ಸೋಮವಾರ ನಾನು ಹೋಗುತ್ತೇನೆ.